ಮೂರನೆಯ ಕಾಲದಲ್ಲಿ ಲೆಕ್ಕ

ಕಳೆದ ಮಾರ್ಗಶಿರದ ಒಂದು ಸಂಜೆ ನನ್ನ ತಂಗಿಯ ಮಗನು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ನಾಲ್ಕು ದಿನ ಅಲೆದು, ಪ್ರೊಸೆಸರು, ಮದರ್‌ಬೋರ್ಡು, ಎಸ್.ಎಂ.ಪಿ.ಎಸ್. ಎಂದು ಒಂದೊಂದು ಬಿಡಿಭಾಗವನ್ನೂ ಹೋಲಿಸಿ, ಚೌಕಾಸಿ ಮಾಡಿ ತಂದು, ಯಾರ ನೆರವೂ ಇಲ್ಲದೆ ತಾನೇ ಜೋಡಿಸಿದ್ದ ಕಂಪ್ಯೂಟರನ್ನು ನನಗೆ ತೋರಿಸಬೇಕೆಂದು ತನ್ನ ಕೋಣೆಗೆ ಕರೆದುಕೊಂಡು ಹೋದನು. ಸಿವಿಲ್ ಎಂಜಿನಿಯರಿಂಗಿನ ಸ್ನಾತಕೋತ್ತರ ವ್ಯಾಸಂಗದಲ್ಲಿರುವ ಆತನಿಗೆ ಹಗಲೆಲ್ಲ ಕಟ್ಟಡಗಳ ಬಲವಿಶ್ಲೇಷಣೆಯ ಲೆಕ್ಕ. ಇರುಳಿನಲ್ಲಿ ಒಂದೆರಡು ಗಂಟೆ ಗೆಳೆಯರೊಡನೆ ಆಟ. ಎರಡಕ್ಕೂ ಯಂತ್ರ ಒಂದೇ. ಗಾಜಿನ ಪಕ್ಕೆಯೊಳಗೆ ಫ್ಯಾನುಗಳು ಸದ್ದಿಲ್ಲದೆ ತಿರುಗುತ್ತಿದ್ದುವು. ಸ್ವಲ್ಪ ಹೊತ್ತು ಸುಮ್ಮನಿದ್ದು ಆತನು ಕೇಳಿದನು: “ಮಾವ, ಇದನ್ನ ಓವರ್‌ಕ್ಲಾಕ್ ಮಾಡೋಣ ಅಂತಿದ್ದೀನಿ. ನೀವೇನಂತೀರಿ? ಸುಟ್ಟುಹೋಗಲ್ಲ ತಾನೆ?”

ಆ ಸಂಜೆ ನಾನು ಕೊಟ್ಟ ಉತ್ತರವು ತುಂಡುತುಂಡಾಗಿದ್ದಿತು. ಅದನ್ನು ಕ್ರಮಪಡಿಸಿ ಹೇಳಲು ಈ ಹೊತ್ತಿನ ಅವಕಾಶವನ್ನು ಬಳಸಿಕೊಳ್ಳುತ್ತೇನೆ. ಏಕೆಂದರೆ ಇದೇ ಪ್ರಶ್ನೆಯು ಈಗ ಅನೇಕ ಮನೆಗಳಲ್ಲಿ ಎದ್ದಿರತಕ್ಕದ್ದು, ಮತ್ತು ಪ್ರಾಯಶಃ ಎಲ್ಲೆಡೆಯಲ್ಲಿಯೂ ಅದು ಸುಡುವ ಮಾತಿನಿಂದಲೇ ಆರಂಭವಾಗುತ್ತದೆ. ಸುಡುವುದು ಈ ವಿಚಾರದಲ್ಲಿ ಅತ್ಯಂತ ಸಣ್ಣ ಭಾಗ.

ಕಂಪ್ಯೂಟರಿನೊಳಗಣ ಸಮಸ್ತ ವ್ಯಾಪಾರವೂ ಒಂದು ತಾಳವನ್ನು ಅನುಸರಿಸಿ ನಡೆಯತಕ್ಕದ್ದು. ಮದರ್‌ಬೋರ್ಡಿನ ಮೇಲಿನ ಒಂದು ಸ್ಫಟಿಕದ ಚೂರು ಕಂಪಿಸುತ್ತದೆ. ಆ ಕಂಪನವನ್ನು ಆಧಾರವಾಗಿಟ್ಟುಕೊಂಡು ಸೆಕೆಂಡಿಗೆ 10 ಕೋಟಿ ಸಲ ಮಿಡಿಯುವ 100 ಮೆಗಾಹರ್ಟ್ಸಿನ ಮೂಲತಾಳವೊಂದು ಸಿದ್ಧವಾಗುತ್ತದೆ. ಪ್ರೊಸೆಸರು ಅದನ್ನು ತನ್ನ ಗುಣಕದಿಂದ ಗುಣಿಸಿಕೊಳ್ಳುತ್ತದೆ. ಗುಣಕವು 45 ಆದರೆ ವೇಗವು 4.5 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 450 ಕೋಟಿ ಮಿಡಿತ. ಅಂಥ ಒಂದು ಮಿಡಿತದ ಅವಧಿಯಲ್ಲಿ, ಜಗತ್ತಿನಲ್ಲಿ ಅತ್ಯಂತ ಶೀಘ್ರಗಾಮಿಯಾದ ಬೆಳಕೂ ಸಹ ಸುಮಾರು ಆರೂವರೆ ಸೆಂಟಿಮೀಟರು, ಅಂದರೆ ನಮ್ಮ ಕಿರುಬೆರಳಿನಷ್ಟು ದೂರವನ್ನು ಮಾತ್ರ ಕ್ರಮಿಸಬಲ್ಲುದು. ಅಷ್ಟರೊಳಗೆ ವಿದ್ಯುತ್ಸಂಕೇತವೊಂದು ಟ್ರಾನ್ಸಿಸ್ಟರುಗಳ ಸಾಲನ್ನು ಒಂದಾದ ಮೇಲೊಂದರಂತೆ ಹಾಯ್ದು, ತಾನು 0 ಎಂಬುದನ್ನೋ 1 ಎಂಬುದನ್ನೋ ನಿಶ್ಚಯವಾಗಿ ತಿಳಿಸಿ, ಮುಂದಿನ ಮಿಡಿತ ಬೀಳುವ ಮೊದಲೇ ತನ್ನ ಸ್ಥಾನದಲ್ಲಿ ನೆಲೆಗೊಂಡಿರಬೇಕು. ಕಾರ್ಖಾನೆಯವರು ನಿಗದಿಮಾಡಿದ ಮಿಡಿತಕ್ಕಿಂತ ಶೀಘ್ರವಾದ ಮಿಡಿತವನ್ನು ನಾವು ಹಿಡಿದು, ಅದೇ ಕೆಲಸವನ್ನು ಅದೇ ಟ್ರಾನ್ಸಿಸ್ಟರುಗಳಿಂದ ಮಾಡಿಸುವುದೇ ಓವರ್‌ಕ್ಲಾಕಿಂಗ್.

ಸಂಗೀತ ಕಲಿತವರಿಗೆ ಇದು ಹೊಸ ಅನುಭವವಲ್ಲ. ಸರಳೆ ವರಸೆಯನ್ನು ಒಂದನೆಯ ಕಾಲದಲ್ಲಿ ತಪ್ಪಿಲ್ಲದೆ ಹಾಡುವ ಹುಡುಗಿ ಎರಡನೆಯ ಕಾಲದಲ್ಲಿಯೂ ಹಾಡುತ್ತಾಳೆ. ಮೂರನೆಯ ಕಾಲಕ್ಕೆ ಬಂದಾಗ, ತಾಳದ ಕೈ ತಪ್ಪದಿದ್ದರೂ, ಎಲ್ಲಿಯೋ ಒಂದು ಸ್ವರ ನುಂಗಿಹೋಗುತ್ತದೆ. ಆಕೆಗೆ ಅದು ತಿಳಿಯುವುದಿಲ್ಲ. ಕೇಳುವವರಲ್ಲಿಯೂ ಹತ್ತರಲ್ಲಿ ಒಂಬತ್ತು ಮಂದಿಗೆ ತಿಳಿಯುವುದಿಲ್ಲ. ಆವರ್ತನ ಪೂರ್ಣವಾಗುತ್ತದೆ, ಹಾಡು ಮುಂದುವರಿಯುತ್ತದೆ, ನಿಷಾದವೊಂದು ಮಾತ್ರ ಇಲ್ಲ. ಪ್ರೊಸೆಸರಿನಲ್ಲಿಯೂ ಹಾಗೆಯೇ ಆಗುವ ಸಂಭವವುಂಟು. ಅಲ್ಲಿ ಪಕ್ಕದಲ್ಲಿ ಕುಳಿತು ಕಿವಿಗೊಡುವ ಗುರುವಿಲ್ಲ ಎಂಬುದೊಂದೇ ವ್ಯತ್ಯಾಸ.

ಇನ್ನು, ನಿಗದಿಯಾದ ವೇಗಕ್ಕಿಂತ ಹೆಚ್ಚು ಓಡುವ ಶಕ್ತಿ ಅದರಲ್ಲಿ ಎಲ್ಲಿಂದ ಬಂದಿತೆಂದರೆ, ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳು ಸ್ವಭಾವತಃ ಒಂದರಂತೆ ಒಂದು ಇರುವುದಿಲ್ಲ. ಕಾರ್ಖಾನೆಯವರು ಒಂದೊಂದನ್ನೂ ಪರೀಕ್ಷಿಸಿ, ಬೇಸಗೆಯ ಸೆಖೆ, ವೋಲ್ಟೇಜಿನ ಏರಿಳಿತ, ವರ್ಷಗಳು ಕಳೆದಂತೆ ಬರುವ ಸವೆತ ಇವೆಲ್ಲಕ್ಕೂ ಸ್ವಲ್ಪ ಸ್ವಲ್ಪ ಎಡೆಯಿಟ್ಟು, ಉಳಿದುದನ್ನು ವೇಗವೆಂದು ಹೆಸರಿಸಿ ಮಾರುತ್ತಾರೆ. ಆ ಎಡೆಯೇ ಓವರ್‌ಕ್ಲಾಕ್ ಮಾಡುವವನ ಬಂಡವಾಳ. ಒಂದು ಕಾಲದಲ್ಲಿ ಅದು ಬಹು ದೊಡ್ಡ ಬಂಡವಾಳವಾಗಿದ್ದಿತು. 1998ರ ಆಗಸ್ಟಿನಲ್ಲಿ ಇಂಟೆಲ್ ಸಂಸ್ಥೆಯು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಅದರ ಮೂಲತಾಳ 66 ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ, ವೇಗ 300. ಮೂಲತಾಳವನ್ನು 100ಕ್ಕೆ ಏರಿಸಿದ್ದೇ ಆದರೆ ಅದು 450ರಲ್ಲಿ ಓಡುತ್ತಿತ್ತು. ಮತ್ತು ಅದೇ ತಿಂಗಳು ಹೊರಬಂದ, ಹಲವು ಪಟ್ಟು ಬೆಲೆಯ ಪೆಂಟಿಯಮ್-2ರ ವೇಗವೂ 450. ವಿದ್ಯಾರ್ಥಿಗಳ, ಬಡ ಅಧ್ಯಾಪಕರ ಪಾಲಿಗೆ ಅದು ಒದಗಿಬಂದ ಭಾಗ್ಯವೆಂದರೆ ಅತಿಶಯೋಕ್ತಿಯಲ್ಲ. ಆ ಭಾಗ್ಯಕ್ಕೆ ಆಸೆಪಟ್ಟವರಲ್ಲಿ ನಾನೂ ಒಬ್ಬನು.

ಆಗ ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕನಾಗಿದ್ದೆನು. ಪರಿಚಿತರೊಬ್ಬರು ಎತ್ತರದ ನೀರಿನ ತೊಟ್ಟಿಯೊಂದರ ಕಂಬಗಳ ಲೆಕ್ಕವನ್ನು ತಾವು ಕೈಯಲ್ಲಿ ಮಾಡಿ, ಕಂಪ್ಯೂಟರಿನಲ್ಲಿ ಒಮ್ಮೆ ತಾಳೆ ನೋಡಬೇಕೆಂದು ನನಗೆ ಒಪ್ಪಿಸಿದ್ದರು. ನನ್ನ ಯಂತ್ರವು ಆ ಹೊತ್ತಿಗೆ ನಾಲ್ಕು ತಿಂಗಳಿಂದ ಏರಿಸಿದ ವೇಗದಲ್ಲಿಯೇ ಓಡುತ್ತಿತ್ತು. ಒಂದು ದಿನವೂ ನಿಂತಿರಲಿಲ್ಲ, ಪರದೆ ಒಮ್ಮೆಯೂ ನೀಲಿಯಾಗಿರಲಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಲೆಕ್ಕ ನಡೆಸಿ, ಅಂಚಿನುದ್ದಕ್ಕೂ ತೂತುಗಳಿರುವ ಉದ್ದ ಕಾಗದದ ಮೇಲೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಮುದ್ರಿಸಿಕೊಂಡೆನು. ಶಾಯಿಯ ರಿಬ್ಬನ್ನು ಸವೆದುಹೋಗಿ ಅಕ್ಷರಗಳು ಮಸುಕಾಗಿದ್ದುವು. ಆ ಒಂದೇ ಕಾರಣಕ್ಕಾಗಿ ರಿಬ್ಬನ್ ಬದಲಿಸಿ, ಲೆಕ್ಕವನ್ನು ಮತ್ತೊಮ್ಮೆ ನಡೆಸಿ ಮುದ್ರಿಸಿದೆನು. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಜೋಡಿಸುವಾಗ, ಕಿಟಕಿಯ ಬಿಸಿಲು ಅವುಗಳ ಮೂಲಕ ಹಾಯ್ದು ಬಂದು, ಮೇಲಿನ ಅಂಕಿಗಳು ಕೆಳಗಿನ ಅಂಕಿಗಳ ಮೇಲೆ ಸರಿಯಾಗಿ ಕೂತಿರುವುದು ಕಾಣುತ್ತಿತ್ತು. ಹದಿನೇಳನೆಯ ಸಾಲಿನಲ್ಲಿ ಅವು ಕೂರಲಿಲ್ಲ. ಅಲ್ಲಿಂದ ಕೆಳಕ್ಕೆ ಯಾವ ಸಾಲಿನಲ್ಲಿಯೂ ಕೂರಲಿಲ್ಲ. ಕೊಟ್ಟ ಅಂಕಿಗಳು ಒಂದೇ, ಪ್ರೋಗ್ರಾಮು ಒಂದೇ, ಯಂತ್ರ ಒಂದೇ. ಉತ್ತರ ಮಾತ್ರ ಎರಡು. ಪರಿಚಿತರು ಕೈಯಲ್ಲಿ ಮಾಡಿದ್ದ ಲೆಕ್ಕಕ್ಕೆ ಎರಡನೆಯದು ಹೊಂದುತ್ತಿತ್ತು. ಮಸುಕಾದ ಮೊದಲನೆಯ ಹಾಳೆಯಲ್ಲಿ ಕಂಬಕ್ಕೆ ಬೀಳುವ ಭಾರವು ಇರಬೇಕಾದುದಕ್ಕಿಂತ ಕಡಿಮೆಯಾಗಿದ್ದಿತು.

ವೇಗವನ್ನು ಮೊದಲಿನಂತೆ ಇಳಿಸಿ ಅದೇ ಲೆಕ್ಕವನ್ನು ಮೂರು ಸಲ ನಡೆಸಿದೆನು. ಮೂರು ಸಲವೂ ಒಂದೇ ಉತ್ತರ. ಪೆಟ್ಟಿಗೆ ಬಿಚ್ಚಿ ನೋಡಿದರೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಹತ್ತಿಯಂಥ ಧೂಳು ಗಟ್ಟಿಯಾಗಿ ಕೂತಿದ್ದಿತು. ತಪ್ಪು ಯಂತ್ರದ್ದಲ್ಲ, ಅದು ತನಗೆ ಹೇಳಿದ ತಾಳದಲ್ಲಿ, ಆ ಸೆಖೆಯಲ್ಲಿ, ತನ್ನಿಂದಾದಷ್ಟನ್ನು ಮಾಡಿದ್ದಿತು. ರಿಬ್ಬನ್ನು ಹೊಸದಾಗಿದ್ದಿದ್ದರೆ ನಾನು ಎರಡನೆಯ ಸಲ ಲೆಕ್ಕವನ್ನೇ ನಡೆಸುತ್ತಿರಲಿಲ್ಲ ಎಂಬ ಯೋಚನೆಯು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದಕಾರಣ ನನ್ನ ಸೋದರಳಿಯನಿಗೆ ನಾನು ಮೊದಲು ಹೇಳಿದ್ದು ಇದು: ಸುಡುವ ಭಯವನ್ನು ಬಿಡು, ಇಂದಿನ ಪ್ರೊಸೆಸರು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದರೆ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಇನ್ನೂ ಮೀರಿದರೆ ಆರಿಹೋಗುತ್ತದೆ. ಆರಿಹೋಗುವ ಯಂತ್ರ ಪ್ರಾಮಾಣಿಕವಾದುದು. ಪರದೆ ನೀಲಿಯಾಗಿ ಕುಸಿಯುವ ಯಂತ್ರವೂ ಪ್ರಾಮಾಣಿಕವಾದುದೇ. ನೀನು ಭಯಪಡಬೇಕಾದದ್ದು, ಏನೂ ಆಗಿಲ್ಲವೆಂಬಂತೆ ಓಡುತ್ತ ಹದಿನೇಳನೆಯ ಸಾಲಿನಲ್ಲಿ ತಪ್ಪುವ ಯಂತ್ರಕ್ಕೆ. ಈ ಭಯವು ನನ್ನೊಬ್ಬನದಲ್ಲ. ಮೈಕ್ರೋಸಾಫ್ಟಿನ ಸಂಶೋಧಕರು ಸುಮಾರು ಹತ್ತು ಲಕ್ಷ ಮನೆ ಕಂಪ್ಯೂಟರುಗಳ ಕುಸಿತದ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೇಗ ಏರಿಸಿದ ಯಂತ್ರಗಳು ಏರಿಸದವುಗಳಿಗಿಂತ ಬಹಳ ಹೆಚ್ಚಾಗಿ ಕುಸಿಯುತ್ತವೆಂದೂ, ವೇಗ ಇಳಿಸಿದವುಗಳು ಇನ್ನಷ್ಟು ಭದ್ರವೆಂದೂ, ಯಂತ್ರದೋಷದಿಂದ ಒಮ್ಮೆ ಕುಸಿದದ್ದು ಮತ್ತೆ ಕುಸಿಯುವ ಸಂಭವ ಅನೇಕ ಪಟ್ಟು ಏರುತ್ತದೆಂದೂ ಕಂಡುಬಂದಿದೆ. ಅವರು ಎಣಿಸಿದ್ದು ಕುಸಿತಗಳನ್ನು. ಕುಸಿಯದೆ ತಪ್ಪಿದವನ್ನು ಎಣಿಸುವುದು ಯಾರಿಗೂ ಸುಲಭವಲ್ಲ.

ಇನ್ನು ಶಾಖದ ಮಾತು. ಹೆಚ್ಚಿನ ವೇಗದಲ್ಲಿ ಸಂಕೇತವು ಹೊತ್ತಿಗೆ ಸರಿಯಾಗಿ ತಲುಪಬೇಕಾದರೆ ಅದನ್ನು ಹಿಂದಿನಿಂದ ನೂಕಬೇಕು. ನೂಕುವುದೆಂದರೆ ವೋಲ್ಟೇಜು ಏರಿಸುವುದು. ಶಾಖವಾದರೋ ವೇಗದ ಪ್ರಮಾಣದಲ್ಲಿಯೂ, ಅದರ ಮೇಲೆ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಬೆಳೆಯುತ್ತದೆ. ಹುಡುಗನ ಆಸೆಯಿದ್ದುದು 4.5ರಿಂದ 5 ಗಿಗಾಹರ್ಟ್ಸಿಗೆ, ಅದಕ್ಕೆ 1.20 ವೋಲ್ಟನ್ನು 1.35ಕ್ಕೆ ಏರಿಸಬೇಕಾಗಬಹುದೆಂದು ಇಟ್ಟುಕೊಂಡು ಕಾಗದದ ಮೇಲೆ ಗುಣಿಸಿ ತೋರಿಸಿದೆನು. ವೇಗದಲ್ಲಿ ನೂರಕ್ಕೆ 11ರಷ್ಟು ಲಾಭ. ಶಾಖದಲ್ಲಿ ನೂರಕ್ಕೆ 40ರಷ್ಟು ಏರಿಕೆ. ನೂರು ವಾಟು ಬಿಸಿಯಾಗುತ್ತಿದ್ದದ್ದು ನೂರನಲವತ್ತು ವಾಟು ಬಿಸಿಯಾಗುತ್ತದೆ, ಅದೂ ಹೆಬ್ಬೆಟ್ಟಿನ ಉಗುರಿನಷ್ಟು ಜಾಗದಲ್ಲಿ. ಆ ಹನ್ನೊಂದು ಸಹ ಪೂರ್ತಿ ಕೈಗೆ ಬರುವುದಿಲ್ಲ. ಆಟದಲ್ಲಿ ಪ್ರೊಸೆಸರು ಬಹುಮಟ್ಟಿಗೆ ಕಾದು ನಿಲ್ಲಬೇಕಾದದ್ದು ಗ್ರಾಫಿಕ್ಸ್ ಕಾರ್ಡಿಗಾಗಿ, ದೊಡ್ಡ ಲೆಕ್ಕದಲ್ಲಿ ಮೆಮೊರಿಗಾಗಿ. ಹೆಚ್ಚು ಶಾಖ, ಹೆಚ್ಚು ವೋಲ್ಟೇಜು ಇವುಗಳ ಜೊತೆಗೆ ಸವೆತವೂ ತ್ವರೆಗೊಳ್ಳುತ್ತದೆ: ತಂತಿಯಲ್ಲಿ ಹರಿಯುವ ಇಲೆಕ್ಟ್ರಾನುಗಳು ಆ ತಂತಿಯ ಲೋಹದ ಪರಮಾಣುಗಳನ್ನೇ, ಹೊಳೆಯ ನೀರು ದಡದ ಮಣ್ಣನ್ನು ಕೊಚ್ಚುವಂತೆ, ಕಣಕಣವಾಗಿ ಸರಿಸುತ್ತವೆ. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯು 1969ರಲ್ಲಿಯೇ ಇದರ ಸೂತ್ರವನ್ನು ಬರೆದಿಟ್ಟನು. ಇಂದು ಸರಿಯಾಗಿ ಓಡಿದ ವೇಗ ಮೂರು ವರ್ಷದ ಮೇಲೆ ಓಡದೆ ಹೋಗುವುದಕ್ಕೆ ಇದು ಒಂದು ಕಾರಣ.

ನಮ್ಮ ನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದು ಇಲ್ಲಿ ಉಂಟು. ಫ್ಯಾನಾಗಲಿ, ನೀರು ಹರಿಸುವ ಕೂಲರಾಗಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪಾಗಿ ಮಾಡಲಾರವು. ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ಎಂಬ ಅಂತರವನ್ನು ಕಾಯ್ದುಕೊಳ್ಳುವುದಷ್ಟೇ ಅವುಗಳ ಶಕ್ತಿ. ಆ ಅಂತರ 60 ಎಂದಿಟ್ಟುಕೊಳ್ಳಿ. ಬೆಂಗಳೂರಿನ ಮಾರ್ಗಶಿರದ ರಾತ್ರಿ, 20 ಡಿಗ್ರಿಯ ಕೋಣೆಯಲ್ಲಿ ಚಿಪ್ಪು 80ರಲ್ಲಿ ನಿಲ್ಲುತ್ತದೆ. ಅದೇ ಕೋಣೆ ವೈಶಾಖದ ಮಧ್ಯಾಹ್ನ 34 ಆದಾಗ ಚಿಪ್ಪು 94. ಕಲಬುರಗಿಯಲ್ಲೋ ರಾಯಚೂರಿನಲ್ಲೋ ತಾರಸಿಯ ಕೆಳಗಿನ ಕೋಣೆ 42ಕ್ಕೆ ಏರಿದರೆ ಮಿತಿ ಮೀರಿತು. ಶೀತದೇಶದವರು ಬರೆದಿಟ್ಟ ವೋಲ್ಟೇಜಿನ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳುವುದು ನಮಗೆ ಸಲ್ಲದು. 2022ರಲ್ಲಿ ಪ್ರೊಸೆಸರೊಂದನ್ನು 9 ಗಿಗಾಹರ್ಟ್ಸಿನ ಆಚೆಗೆ ಓಡಿಸಿದವರು ಅದರ ಮೇಲೆ ಸುರಿದದ್ದು ಸೊನ್ನೆಗಿಂತ 269 ಡಿಗ್ರಿ ಕೆಳಗಿರುವ ದ್ರವ ಹೀಲಿಯಮ್ಮನ್ನು. ಅದು ಕ್ಷಣಕಾಲದ ದಾಖಲೆಗೆ, ದಿನನಿತ್ಯದ ದುಡಿಮೆಗಲ್ಲ.

ಅಷ್ಟೇ ಅಲ್ಲದೆ, 1998ರ ಆ ಬಂಡವಾಳವು ಈಗ ಉಳಿದಿಲ್ಲ. 2008ರಿಂದೀಚೆಗೆ ಇಂಟೆಲ್ ಪ್ರೊಸೆಸರುಗಳು ಟರ್ಬೋ ಎಂಬ ಹೆಸರಿನಲ್ಲಿ, ತಂಪು ಮತ್ತು ವಿದ್ಯುತ್ತು ಇರುವವರೆಗೆ ತಾವಾಗಿಯೇ ವೇಗ ಏರಿಸಿಕೊಳ್ಳುತ್ತ ಬಂದಿವೆ, ಇನ್ನೊಂದು ಸಂಸ್ಥೆಯಾದ ಎ.ಎಂ.ಡಿ.ಯವರದೂ ಹಾಗೆಯೇ. 2022ರಲ್ಲಿ ಬಂದ ಕೋರ್ ಐ9-13900ಕೆ ಪೆಟ್ಟಿಗೆಯಿಂದ ತೆಗೆದ ಕ್ಷಣದಿಂದಲೇ 5.8 ಗಿಗಾಹರ್ಟ್ಸಿನವರೆಗೆ ಏರುತ್ತಿತ್ತು, 253 ವಾಟಿನವರೆಗೆ ಹೀರುತ್ತಿತ್ತು. ನಾವು ಹೊಲದ ಬದುವಿನಲ್ಲಿ ಬಿಟ್ಟಿರುತ್ತಿದ್ದ ಜಾಗವನ್ನು ಕಾರ್ಖಾನೆಯವರೇ ಉತ್ತು ಬಿತ್ತಿಬಿಟ್ಟರು. ಅದರ ಫಲವಾಗಿ ಏನಾಯಿತೆಂಬುದನ್ನು 2024ರಲ್ಲಿ ಲೋಕವೇ ಕಂಡಿತು: ಆ ಪೀಳಿಗೆಯ ಮತ್ತು ಅದರ ಮುಂದಿನ ಪೀಳಿಗೆಯ ಹಲವು ಪ್ರೊಸೆಸರುಗಳು, ಯಾರೂ ಓವರ್‌ಕ್ಲಾಕ್ ಮಾಡದಿದ್ದರೂ, ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಪಡೆದು ಸವೆದು ಅಸ್ಥಿರವಾಗತೊಡಗಿದುವು, ಸಂಸ್ಥೆಯು ಆಗಸ್ಟಿನಲ್ಲಿ ವೋಲ್ಟೇಜಿಗೆ 1.55ರ ಮಿತಿ ಹಾಕುವ ತಿದ್ದುಪಡಿಯನ್ನು ಹೊರಡಿಸಿ, ವಾರಂಟಿಯನ್ನು ಮೂರು ವರ್ಷದಿಂದ ಐದಕ್ಕೆ ವಿಸ್ತರಿಸಿತು. ಆಗಲೇ ಸವೆದುಹೋದದ್ದು ತಿದ್ದುಪಡಿಯಿಂದ ವಾಸಿಯಾಗಲಿಲ್ಲ. ಮಾಡಿದವರಿಗೇ ಇಷ್ಟು ಕಿರಿದಾದ ಎಡೆಯಲ್ಲಿ ಹೊರಗಿನವರಾದ ನಾವು ಇನ್ನೆಷ್ಟು ಎಚ್ಚರದಿಂದ ಕೈಯಿಡಬೇಕು? ನಾವಾಗಿ ಏರಿಸಿದ ವೇಗದಿಂದ ಕೆಟ್ಟರೆ ವಾರಂಟಿಯೂ ಸಾಮಾನ್ಯವಾಗಿ ನಮ್ಮ ಕೈಹಿಡಿಯುವುದಿಲ್ಲ. ರ‍್ಯಾಮಿಗೆ ಅದರ ವೇಗ ಏರಿಸುವ ಎಕ್ಸ್.ಎಂ.ಪಿ. ಎಂಬ ಆಯ್ಕೆಯನ್ನು ಹಾಕುವುದೂ ಒಂದು ಬಗೆಯ ಓವರ್‌ಕ್ಲಾಕಿಂಗೇ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಈ ಮಾತನ್ನು ಇಲ್ಲಿ ಸೇರಿಸಿಬಿಡುತ್ತೇನೆ.

ಇಷ್ಟು ಹೇಳಿಯೂ ನಾನು ಆತನನ್ನು ತಡೆಯಲಿಲ್ಲ. ಇಪ್ಪತ್ತಮೂರರ ವಯಸ್ಸಿನಲ್ಲಿ ತಾನೇ ಕಟ್ಟಿದ ಯಂತ್ರದ ಸೀಮೆ ಎಲ್ಲಿದೆಯೆಂದು ತಿಳಿಯುವ ಹಂಬಲವು ಗೌರವಾರ್ಹವಾದುದು, ಮತ್ತು ಕೈಯಿಟ್ಟು ಕಲಿತ ಪಾಠವು ಪುಸ್ತಕದ ಪಾಠಕ್ಕಿಂತ ಆಳಕ್ಕೆ ಇಳಿಯುತ್ತದೆ. ಹಾಗೆ ಮಾಡುವುದಾದರೆ ಕ್ರಮವುಂಟು. ಕಡತಗಳನ್ನೆಲ್ಲ ಮೊದಲು ಬೇರೊಂದು ಡಿಸ್ಕಿಗೆ ಪ್ರತಿಮಾಡಿ ಆ ಡಿಸ್ಕನ್ನು ಬಿಚ್ಚಿಡತಕ್ಕದ್ದು. ಯಂತ್ರದ ಮೂಲ ಹೊಂದಿಕೆಗಳಿರುವ ಬಯಾಸಿನಲ್ಲಿ ಗುಣಕವನ್ನು ಒಮ್ಮೆಗೆ ಒಂದೇ ಅಂಕಿ ಏರಿಸತಕ್ಕದ್ದು; ವೋಲ್ಟೇಜನ್ನು ಮುಟ್ಟಲೇಬೇಕಾದಾಗ ಸಾಸಿವೆಕಾಳಿನಷ್ಟು ಮಾತ್ರ, ಒಂದು ವೋಲ್ಟಿನ ನೂರನೆಯ ಒಂದು ಪಾಲಿನ ಹೆಜ್ಜೆಗಳಲ್ಲಿ; ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡತಕ್ಕದ್ದು. ಯಂತ್ರ ಶುರುವಾಗದೆ ಹೋದರೆ ಗಾಬರಿಯಿಲ್ಲ. ಪ್ಲಗ್ ತೆಗೆದು, ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಮತ್ತೆ ಹಾಕಿದರೆ ಬಯಾಸ್ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಮನೆಯಲ್ಲಿರುವ 600 ವಿ.ಎ. ಯುಪಿಎಸ್ಸು ಏರಿದ ಹೊರೆಯನ್ನು ಹೊರಲಾರದೆ ಕರೆಂಟು ಹೋದ ಕ್ಷಣವೇ ಕೈಬಿಡಬಹುದು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಇದಕ್ಕೆ ಓವರ್‌ಕ್ಲಾಕ್ ಮಾಡುವವರು ಬಳಸುವ ಪ್ರೈಮ್95 ಎಂಬ ಪ್ರೋಗ್ರಾಮು ಹುಟ್ಟಿದ್ದು ಬೇರೆಯೇ ಉದ್ದೇಶಕ್ಕಾಗಿ. ಹದಿನೇಳನೆಯ ಶತಮಾನದ ಫ್ರಾನ್ಸಿನ ಸಂನ್ಯಾಸಿ ಮರ್ಸೆನ್ನನ ಹೆಸರಿನ ಅವಿಭಾಜ್ಯ ಸಂಖ್ಯೆಗಳನ್ನು, ಲೋಕದ ನಾನಾ ಭಾಗಗಳ ಕಂಪ್ಯೂಟರುಗಳೆಲ್ಲ ಬಿಡುವಿನ ವೇಳೆಯಲ್ಲಿ ಒಟ್ಟಾಗಿ ಹುಡುಕಲೆಂದು ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಸಾಹಸಕ್ಕೆ ಅದು ಸಾಧನ. ಕೋಟ್ಯಂತರ ಅಂಕಿಗಳ ಸಂಖ್ಯೆಗಳನ್ನು ಅದು ದಶಾಂಶದ ಗಣಿತದಿಂದ ಗುಣಿಸುತ್ತದೆ. ಬಂದ ಪ್ರತಿಯೊಂದು ಫಲವೂ ನ್ಯಾಯವಾಗಿ ಪೂರ್ಣಾಂಕಕ್ಕೆ ಅತ್ಯಂತ ಸಮೀಪವಾಗಿರಬೇಕು. ಆ ಅಂತರವು ಅರ್ಧಕ್ಕೆ ಬಂದರೆ ಉತ್ತರ ಈಚಿನ ಅಂಕಿಯೋ ಆಚಿನದೋ ಎಂದು ಹೇಳಲಾಗುವುದಿಲ್ಲ. ಅಂದರೆ ಎಲ್ಲಿಯೋ ಒಂದು ಸ್ವರ ನುಂಗಿಹೋಗಿದೆ. ಆಗ ಪ್ರೋಗ್ರಾಮು ನಿಂತು, ಅಂತರ 0.5 ಬಂದಿದೆ, 0.4ಕ್ಕಿಂತ ಕಡಿಮೆಯಿರಬೇಕಿತ್ತು ಎಂದು ಬರೆಯುತ್ತದೆ. ನಾನು ಮೇಲೆ ಇಲ್ಲವೆಂದು ಹೇಳಿದ ಗುರುವು ಒಂದು ಮಟ್ಟಿಗೆ ಇಲ್ಲಿದ್ದಾನೆ. ಹತ್ತು ನಿಮಿಷದ ಪರೀಕ್ಷೆ ಪರೀಕ್ಷೆಯಲ್ಲ. ಹನ್ನೆರಡು ಗಂಟೆಯಾದರೂ ಬೇಕು, ಮತ್ತು ಚಳಿಗಾಲದಲ್ಲಿ ಪಾಸಾದದ್ದನ್ನು ಬೇಸಗೆಯಲ್ಲಿ ಮತ್ತೆ ಕೂರಿಸಬೇಕು. ಹನ್ನೆರಡು ಗಂಟೆ ತಪ್ಪದ್ದು ಹದಿಮೂರನೆಯ ಗಂಟೆಯಲ್ಲಿ ತಪ್ಪದೆಂದು ಯಾವ ಪರೀಕ್ಷೆಯೂ ಆಣೆಯಿಡಲಾರದೆಂಬುದನ್ನೂ ಮರೆಯಲಾಗದು.

ಕೊನೆಯ ನಿರ್ಣಯವು ಯಂತ್ರವನ್ನು ನೋಡಿ ಮಾಡತಕ್ಕದ್ದಲ್ಲ, ಅದಕ್ಕೆ ಒಪ್ಪಿಸುವ ಕೆಲಸವನ್ನು ನೋಡಿ ಮಾಡತಕ್ಕದ್ದು. ಆಟದಲ್ಲಿ ಒಂದು ಚಿತ್ರ ಕದಡಿದರೆ ಯಾರಿಗೂ ನಷ್ಟವಿಲ್ಲ. ಮದುವೆಯ ವಿಡಿಯೋ ಜೋಡಿಸುವವನ ಕೆಲಸದಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ, ತಿದ್ದಬಹುದು. ಕಂಬದ ಲೆಕ್ಕ, ಸಂಬಳದ ಲೆಕ್ಕ, ಸಂಶೋಧನೆಯ ಅಂಕಿಗಳು, ತಂದೆತಾಯಿಗಳ ಹಳೆಯ ಫೋಟೋಗಳ ಏಕೈಕ ಪ್ರತಿ ಇವು ಇರುವ ಯಂತ್ರದ ತಾಳವನ್ನು ಮುಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಸೋದರಳಿಯನದು ಎರಡೂ ಬಗೆಯ ಕೆಲಸವಾದುದರಿಂದ, ಬಯಾಸಿನಲ್ಲಿ ಎರಡು ಪ್ರೊಫೈಲು ಮಾಡಿಟ್ಟುಕೊಂಡು ಹಗಲಿಗೆ ಕಾರ್ಖಾನೆಯ ವೇಗ, ಇರುಳಿಗೆ ಅವನ ವೇಗ ಎಂದು ನಡೆಯಲು ಹೇಳಿದೆನು, ಒಪ್ಪಿದನು. ಮಾರ್ಗಶಿರದಲ್ಲಿ 5 ಗಿಗಾಹರ್ಟ್ಸ್ ಹನ್ನೆರಡು ಗಂಟೆಯ ಪರೀಕ್ಷೆಯನ್ನು ಗೆದ್ದಿತು.

ವೈಶಾಖದಲ್ಲಿ ಒಂದು ಬೆಳಗ್ಗೆ ಆರಕ್ಕೆ ಆತನ ಫೋನು ಬಂದಿತು. ನಾನು ಹೇಳಿದ್ದಂತೆ ರಾತ್ರಿ ಮತ್ತೆ ಪರೀಕ್ಷೆಗೆ ಕೂರಿಸಿ ಮಲಗಿದ್ದನಂತೆ. ಎದ್ದು ನೋಡುವಾಗ ಉಳಿದ ಕೋರುಗಳು ಓಡುತ್ತಿದ್ದುವು, ಒಂದು ಮಾತ್ರ ನಾಲ್ಕನೆಯ ಗಂಟೆಗೆ ನಿಂತು 0.5 ಎಂದು ಬರೆದಿದ್ದಿತು. ಯಂತ್ರ ಕುಸಿದಿರಲಿಲ್ಲ, ಪರದೆಯ ಮೇಲೆ ಎಲ್ಲವೂ ಎಂದಿನಂತೆಯೇ ಇದ್ದಿತು. ಸ್ವಲ್ಪ ಹೊತ್ತು ಮಾತಿಲ್ಲದೆ ಇದ್ದು ಹೇಳಿದನು: “ಮಾವ, ನಿಮಗೆ ಹೇಳಿರಲಿಲ್ಲ. ಎಷ್ಟೋ ದಿನ ಬೆಳಗ್ಗೆ ಪ್ರೊಫೈಲ್ ಬದಲಾಯಿಸೋದು ಮರೆತು ಹಾಗೇ ಲೆಕ್ಕ ಮಾಡಿದ್ದೀನಿ.” ಎಷ್ಟು ಲೆಕ್ಕವೆಂದು ಕೇಳಿದೆನು. ಹದಿನೇಳು ಕಡತಗಳೆಂದನು. ಆ ದಿನವೇ ವೇಗವನ್ನು ಇಳಿಸಿ, ಎಲ್ಲವನ್ನೂ ಮೊದಲಿನಿಂದ ನಡೆಸುತ್ತಿದ್ದಾನೆ. ನಿನ್ನೆಯ ಹೊತ್ತಿಗೆ ಹನ್ನೊಂದು ತಾಳೆಯಾಗಿವೆ, ಆರು ಉಳಿದಿವೆ.